ಇನ್ನಾಸಿಯ ನಲವತ್ತು ದಿನ

ಹತ್ರ ಬನ್ನಿ, ಇನ್ನೂ ಹತ್ರ. ಆ ಬಾಗಿಲು ಮುಂದಕ್ಕೆ ಎಳೀರಿ. ಈ ಮಾತು ಇಲ್ಲೇ ಹುಟ್ಟಿ ಇಲ್ಲೇ ಸಾಯಬೇಕು. ಹೊರಗೆ ಬಾಯಿಬಿಟ್ಟೋರಿಗೆ ಮಾತೆ ಮರಿಯಮ್ಮನ ಆಣೆ!

ಆರೋಗ್ಯಮ್ಮನಿಗೆ ಒಬ್ಬನೇ ಮಗ, ಇನ್ನಾಸಿ. ವಯಸ್ಸು ಮೂವತ್ತೆರಡು, ಬುದ್ಧಿ ಮೂರು ವರ್ಷದ್ದು. ಅನ್ನ ಬೇಯೋಕೆ ಬಿಡ, ಸಾರು ಕುದಿಯೋಕೆ ಬಿಡ, ಕೈ ಹಾಕೇಬಿಡ್ತಾನೆ! ತಾಯಿಗೋ ಒಂದೇ ಆತುರ: ಸೊಸೆ ಬರಬೇಕು, ತಾನು ಒಲೆ ಮುಂದಿನಿಂದ ಏಳಬೇಕು, ಇವತ್ತೇ ಆದ್ರೆ ಇವತ್ತೇ. ಹತ್ತು ಮನೆಯೋರು ಬಂದು, ಇವನ ಕೈ ನೋಡಿ, ಎದ್ದು ಹೋಗಿದ್ರು. ಹನ್ನೊಂದನೆಯವನು ಚೌರಪ್ಪಜ್ಜ, ಮೊಮ್ಮಗಳು ಜ್ಞಾನಮ್ಮನನ್ನ ಕೊಡೋಕೆ ಬಂದೋನು.

ಅಜ್ಜ ಊಟಕ್ಕೆ ಕೂತ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಕಣ್ಣು ಬಿಟ್ಟ. ತಟ್ಟೇಲಿ ಮುದ್ದೆ ಇಲ್ಲ! ಇನ್ನಾಸಿ ಕೆನ್ನೆ ಊದಿಕೊಂಡಿದೆ!

"ತಪಸ್ಸುಕಾಲ ಶುರುವಾಗ್ತಿದೆ, ಇನ್ನು ನಲವತ್ತು ದಿನ ಉಪವಾಸ. ಅದು ಮುಗಿದು ಪಾಸ್ಕಹಬ್ಬ ಬರೋದ್ರೊಳಗೆ ಇವನು ಬಾಯಿ ಹಿಡಿದ್ರೆ ಹೆಣ್ಣು. ಇಲ್ಲದಿದ್ರೆ ಇಲ್ಲ," ಅಂದು ಅಜ್ಜ ಎದ್ದ.

"ಮುಂಡೇದೇ! ಪ್ರಾರ್ಥನೆ ಮುಗಿಯೋ ತನಕ ಬಾಯಿ ತೆರೀಬಾರದು ಕಣೋ!" ಅಂತ ಆರೋಗ್ಯಮ್ಮ ಮಗನಿಗೆ ಬೈದಳು.

"ಆಗ್ಲವ್ವ."

ಎರಡು ದಿನ ಆಯ್ತು. ಚರ್ಚಿನ ಹಿತ್ತಲಲ್ಲಿ ಪಾದ್ರಿ ಸ್ವಾಮಿಗಳು ಬೆಳೆಸಿದ್ದ ಸೊಪ್ಪಿಗೆ ಮೇಕೆ ನುಗ್ಗಿತು. ಇನ್ನಾಸಿ ಕಂಡ. ಕೂಗಬೇಕು ಅನ್ನೋಷ್ಟರಲ್ಲಿ ಅವ್ವನ ಮಾತು ನೆನಪಾಯ್ತು. ಮೊಣಕಾಲೂರಿ, ಬಾಯಿ ಬಿಗಿದು, ಮನಸ್ಸಲ್ಲೇ ಜಪಸರ ಮಾಡಿದ. ಒಂದು ಮಣಿ ಬಿಡಲಿಲ್ಲ! ಮೇಕೆಯೂ ಒಂದು ಎಲೆ ಬಿಡಲಿಲ್ಲ!

"ಅಯ್ಯೋ ನನ್ನ ಕರ್ಮವೇ! ತಿನ್ನೋಕೆ ಬಂದದ್ದನ್ನ ಕೋಲು ತಗೊಂಡು ಓಡಿಸಬೇಕು ಕಣೋ!"

"ಆಗ್ಲವ್ವ."

ತಪಸ್ಸುಕಾಲ ಮುಗಿಯುತ್ತಾ ಬಂತು, ಪಾಸ್ಕಹಬ್ಬಕ್ಕೆ ಮೂರು ದಿನ ಮುಂಚಿನ ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ ಸ್ವಾಮಿಗಳು ಹನ್ನೆರಡು ಜನ ಮುದುಕರ ಪಾದ ತೊಳೆದು ಮುತ್ತಿಟ್ರು. ಆಮೇಲೆ ಅವರಿಗೆ ಚರ್ಚಿನ ಅಂಗಳದಲ್ಲಿ ಗಂಜಿ. ಮುದುಕರು ಇನ್ನೇನು ಬಟ್ಟಲು ಎತ್ತಬೇಕು, ಬಂದ ನೋಡಿ ಇನ್ನಾಸಿ, ಕೋಲು ಹಿಡಿದು! "ಹಾಯ್! ಹಾಯ್! ತಿನ್ನೋಕೆ ಬಂದಿದ್ದೀರಾ?" ಹನ್ನೆರಡೂ ಜನ ದಿಕ್ಕಾಪಾಲು! ಸ್ವಾಮಿಗಳು ತೊಳೆದ ಪಾದಕ್ಕೆಲ್ಲ ಸಗಣಿ! ಎಲ್ಲರಿಗಿಂತ ಮುಂದೆ ಪಂಚೆ ಎತ್ತಿಕೊಂಡು ಓಡಿದೋನು ಯಾರು ಅಂತೀರಿ? ಚೌರಪ್ಪಜ್ಜ!

ಆರೋಗ್ಯಮ್ಮ ಕೈಮುಗಿದುಕೊಂಡು ಮುದುಕರ ಹಿಂದೆ ಓಡಿದಳು. ಈ ಸಲ ಬುದ್ಧಿಮಾತನ್ನ ಸ್ವಾಮಿಗಳೇ ಹೇಳಿದ್ರು.

"ಇನ್ನಾಸಿ, ಓಡಿಸಬೇಕಾದ್ದು ಜನರನ್ನಲ್ಲಪ್ಪ, ಆಸೆಯನ್ನ. ಯೇಸುಸ್ವಾಮಿ ಹಸಿದುಕೊಂಡೇ ನಲವತ್ತು ದಿನ ಇದ್ರು. ಮನಸ್ಸು ಯಾವುದನ್ನ ಬೇಕೇ ಬೇಕು ಅನ್ನುತ್ತೋ ಅದನ್ನ ಕೂಡಲೇ ತಗೋಬೇಡ. ನಲವತ್ತು ದಿನ ಕಾಯಿ."

"ಆಗ್ಲಿ ಸ್ವಾಮಿ."

ಪಾಸ್ಕಹಬ್ಬದ ದಿನ ಚೌರಪ್ಪಜ್ಜ ಕೊನೇ ಸಲ ನೋಡೋಣ ಅಂತ ಬಂದ. ಇನ್ನಾಸಿ ಮುಂದೆ ಬಿಸಿಬಿಸಿ ಕೋಳಿ ಸಾರು. ಮುಟ್ಟಲಿಲ್ಲ! "ಬೇಕೇ ಬೇಕು ಅನ್ನಿಸ್ತಿದೆ, ಅದಕ್ಕೇ ಬೇಡ," ಅಂದು ತಣ್ಣನೆ ಗಂಜಿ ಕುಡಿದ. ಅಜ್ಜನ ಕಣ್ಣಲ್ಲಿ ನೀರು. "ಹುಡುಗ ಗೆದ್ದ! ಹೆಣ್ಣು ಕೊಟ್ಟೆ!" ಆರೋಗ್ಯಮ್ಮ ಅವತ್ತೇ ಒಲೆ ಮುಂದಿನ ಮಣೆ ತೊಳೆದು ಸೊಸೆಗೆ ಅಂತ ಎತ್ತಿಟ್ಟಳು.

ಮೂರು ಭಾನುವಾರ ಚರ್ಚಲ್ಲಿ ಮದುವೆ ಸಾರಿದ್ರು. ಮದುವೆ ದಿನವೂ ಬಂತು. ಚರ್ಚು ತುಂಬ ಜನ. ಸ್ವಾಮಿಗಳು ಕೇಳಿದ್ರು, "ಇನ್ನಾಸಿ, ಜ್ಞಾನಮ್ಮನನ್ನ ಹೆಂಡತಿಯಾಗಿ ಸ್ವೀಕರಿಸ್ತೀಯಾ?"

ಇನ್ನಾಸಿ ಹುಡುಗಿ ಮುಖ ನೋಡಿದ. ಇನ್ನೊಂದು ಸಲ ನೋಡಿದ. ಉಗುಳು ನುಂಗಿದ.

"ಬೇಕೇ ಬೇಕು ಅನ್ನಿಸ್ತಿದೆ ಸ್ವಾಮಿ! ಅದಕ್ಕೇ ಬೇಡ! ನಲವತ್ತು ದಿನ ಆಗ್ಲಿ!"

ಅಯ್ಯಯ್ಯೋ! ಸ್ವಾಮಿಗಳ ಕೈಯಿಂದ ಪುಸ್ತಕ ಬಿತ್ತು! ಚೌರಪ್ಪಜ್ಜ ಕೋಲು ಹುಡುಕಿದ! ಹುಡುಗಿ ಹೂವಿನ ಹಾರ ಕಿತ್ತೆಸೆದು ಬಾಗಿಲ ಕಡೆ ನಡೆದಳು! ಇನ್ನಾಸಿಯೂ ಎದ್ದು ಹೊರಟ!

"ಲೋ, ಎಲ್ಲಿಗೆ ಹೋಗ್ತಿದ್ದೀಯೋ?" ಅಂತ ತಾಯಿ ಚೀರಿದಳು.

"ಊಟಕ್ಕೆ. ಊಟದ ಮೇಲೆ ಇವತ್ತು ನಂಗೆ ಆಸೇನೇ ಇಲ್ಲವ್ವ, ಅದಕ್ಕೇ ತಿನ್ಬಹುದು!"

ಹೋದ, ಮೊದಲನೇ ಪಂಕ್ತೀಲಿ ಕೂತ, ಮೂರು ಸಲ ಬಡಿಸಿಕೊಂಡ!

ಆರೋಗ್ಯಮ್ಮ ಚರ್ಚಿನ ಮೆಟ್ಟಿಲ ಮೇಲೆ ತಲೆ ಮೇಲೆ ಕೈಹೊತ್ತು ಕೂತಳು. ಪಕ್ಕದ ಮನೆ ಲೂರ್ದಮ್ಮ ಸುಮ್ನೆ ಹೋಗ್ತಾಳಾ? ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿಗೇ ನಿಂತು, ಮುಖಕ್ಕೆ ಮುಖ ಕೊಟ್ಟು ಅಂದಳು:

"ಮಗನಿಗೆ ಕಾಯೋದು ಕಲಿಸಿದ್ದಾಯ್ತಲ್ಲ ಆರೋಗ್ಯಕ್ಕ. ನಡಿ ಮನೆಗೆ, ಒಲೆ ಮುಂದಿನ ಆ ಮಣೆ ಮೇಲೆ ಕೂತ್ಕೊಂಡು ಇನ್ನು ನೀನು ಕಾಯಿ!"