ಅಪ್ಪಗಳು ಹೊಸ್ತಿಲು ದಾಟಿದ ದಿನ

ಹಿರೇಕೊಳ್ಳದ ಪೂಜ್ಯ ಮೌನಲಿಂಗ ಅಪ್ಪಗಳವರ ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ. ಅಲ್ಲಿ ಪೀಠವಿಲ್ಲ, ಪಲ್ಲಕ್ಕಿಯಿಲ್ಲ. ಬೇವಿನೆಲೆಯ ನೀರು ಕುದಿಯುವ ಹಂಡೆಯೊಂದಿತ್ತು. ಪ್ರತಿ ಅಮಾವಾಸ್ಯೆ ಗಾಯದವರೆಲ್ಲ ಬಂದು ಕೂರುತ್ತಿದ್ದರು. ಅಪ್ಪಗಳು ತಾವೇ ಅವರ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದರು.

ತಪ್ಪದೆ ಬರುತ್ತಿದ್ದವನು ಪೈಲ್ವಾನ್ ಅಡಿವೆಪ್ಪ. ಕುಸ್ತಿಯಲ್ಲಿ ಮುರಿದ ಕಾಲಿನ ಎಲುಬು ಕೂಡಿತ್ತು ನಿಜ, ಆದರೆ ಒಳಗೆ ಕೀವು ಹಿಡಿದು ಇಪ್ಪತ್ತು ವರ್ಷ ಸೋರುತ್ತಲೇ ಇತ್ತು. ಆಸ್ಪತ್ರೆಗೆ ಹೋಗೆಂದರೆ ಮೀಸೆ ತಿರುವಿ, "ಅಪ್ಪಾರ ಕೈ ಮುಟ್ಟಿದ ಗಾಯ ಇದು, ಪ್ರಸಾದ! ಪ್ರಸಾದಾನ ಯಾರಾರ ಆಸ್ಪತ್ರಿಗೆ ಒಯ್ತಾರೇನು?" ಎನ್ನುತ್ತಿದ್ದ. ಭಕ್ತಿಗೂ ಒಂದು ಮಿತಿ ಬೇಡವೇ?

ಒಂದು ಅಮಾವಾಸ್ಯೆ ಬಟ್ಟೆ ಬಿಚ್ಚಿದ ಅಪ್ಪಗಳ ಕೈ ತಟ್ಟನೆ ನಿಂತಿತು. ಗಾಯದ ಅಂಚು ಹೂಕೋಸಿನಂತೆ ಉಬ್ಬಿತ್ತು. ಮುಟ್ಟಿದರೆ ರಕ್ತ, ಹಿಂದೆಂದೂ ಇರದ ವಾಸನೆ. ಅಂದೇ ಅವನನ್ನು ಬಲವಂತವಾಗಿ ದೊಡ್ಡಾಸ್ಪತ್ರೆಗೆ ಕಳಿಸಿದರು.

ಕೆಲವು ವಾರಗಳ ಬಳಿಕ ಅಡಿವೆಪ್ಪ ಗುಡುಗುತ್ತ ಬಂದ. ಎಲುಬಿನ ಹಳೆಯ ಬೇನೆ ಕ್ಯಾನ್ಸರಿಗೆ ತಿರುಗಿತ್ತು. ಕಾಲು ತೆಗೆಯದಿದ್ದರೆ ಜೀವ ಉಳಿಯದೆಂದು ಡಾಕ್ಟರು ಹೇಳಿದ್ದರು.

"ಸಾಯ್ತೀನಿ, ನೀವು ಮುಟ್ಟಿದ ಕಾಲು ಕೊಡೂದಿಲ್ಲ! ಬಟ್ಟಿ ಕಟ್ರಿ ಅಪ್ಪಾರ!"

ಅಪ್ಪಗಳ ಕಣ್ಣು ತುಂಬಿ ಬಂತು. "ತಪ್ಪು ನಮ್ದಪಾ. ಇಪ್ಪತ್ತು ವರ್ಷ ಕಟ್ಟಿದ್ವಿ, ಒಂದಿನಾನೂ ಡಾಕ್ಟರ ಕಡೆ ಎಳ್ಕೊಂಡು ಹೋಗ್ಲಿಲ್ಲ. ನಡಿ, ನಾವೂ ಬರ್ತೀವಿ."

ಭಕ್ತರೇ, ಏನೆಂದು ಹೇಳಲಿ! ಮೂವತ್ತು ವರ್ಷ ಮಠದ ಹೊಸ್ತಿಲು ದಾಟದ ವ್ರತ ಹಿಡಿದಿದ್ದವರು ಅವರು. ಹೆತ್ತ ತಾಯಿ ಲಿಂಗೈಕ್ಯರಾದಾಗಲೂ ಹೊರಗೆ ಕಾಲಿಟ್ಟವರಲ್ಲ. ಅಂಥವರು ಸರಸರನೆ ಹೊಸ್ತಿಲು ದಾಟಿ, ಅಡಿವೆಪ್ಪನನ್ನು ಕರೆತಂದು ಅಂಗಳದಲ್ಲಿ ನಿಂತಿದ್ದ ಟೆಂಪೋ ಏರಿ ಕುಳಿತೇಬಿಟ್ಟರು! ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು, ಮುದುಕರು "ಹರ ಹರ" ಎಂದು ಕೂಗಿದರು. ನೆನೆದರೆ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ.

"ಅಪ್ಪಾರ, ವ್ರತ!" ಎಂದು ಅಡಿವೆಪ್ಪ ಚೀರಿದ.

"ವ್ರತ ಮತ್ತ ಹಿಡೀಬಹುದು. ನಿನ್ನ ಎಲ್ಲಿಂದ ತರೂಣು?"

ನಾಲ್ಕು ಜಿಲ್ಲೆಯ ಜಟ್ಟಿಗಳನ್ನು ಚಿತ್ ಮಾಡಿದ ಮನುಷ್ಯ ಅಂಗಳದಲ್ಲಿ ಕುಸಿದು ಕೂಸಿನಂತೆ ಅತ್ತ. ಆಮೇಲೆ ತಾನೇ ಎದ್ದು, ಕುಂಟುತ್ತ ಟೆಂಪೋ ಹತ್ತಿ, "ಹೊಡಿಯೋ ಗಾಡಿ! ನನ್ನ ಸಲುವಾಗಿ ಅಪ್ಪಾರು ಮೂವತ್ತು ವರ್ಷದ್ದು ಬಿಟ್ರು, ನಾ ಒಂದು ಕಾಲು ಬಿಡ್ಲಾರೆನೇನು?" ಎಂದ.

ಆಪರೇಷನ್ ಆಗಿ ಹನ್ನೊಂದು ವರ್ಷವಾಯಿತು. ಈಗ ಆರದ ಹುಣ್ಣಿನವರು ಎಲ್ಲೇ ಕಂಡರೂ ಅಡಿವೆಪ್ಪ ಊರುಗೋಲು ಕುಟ್ಟುತ್ತ ಹೋಗಿ ಆಸ್ಪತ್ರೆಯ ಬಸ್ಸು ಹತ್ತಿಸುತ್ತಾನೆ. ಒಲ್ಲೆನೆಂದವರ ಪಕ್ಕದಲ್ಲಿ ತಾನೂ ಹತ್ತಿ ಕೂರುತ್ತಾನೆ.