ಹುಣಸೆ ಯಂತ್ರದ ಗುಂಡಿ

ಹುಣಸೆ ಬೀಜ ಬಿಡಿಸುವ ಯಂತ್ರಕ್ಕೆ ವಿಶ್ವವಿದ್ಯಾಲಯ ನಕ್ಷೆ ಬರೆಯಿತು, ಕಾರ್ಖಾನೆ ಅದನ್ನು ತಯಾರಿಸಿತು, ಸರ್ಕಾರ ಜಾಗ ಕೊಟ್ಟಿತು. ಗುಂಡಿಯನ್ನು ಮೊದಲು ಯಾರು ಒತ್ತಬೇಕೆಂದು ಮಾತ್ರ ಪ್ರೊಫೆಸರು, ಮಾಲೀಕರು, ಅಧಿಕಾರಿ ತಿಂಗಳಿಂದ ಕಿತ್ತಾಡುತ್ತಿದ್ದರು. ಇತ್ತ ಹುಣಸೆ ಕುಟ್ಟಿ ಕುಟ್ಟಿ ಹೆಂಗಸರ ಬೆರಳು ಬಿರಿದಿದ್ದವು.

ಅವರಲ್ಲೊಬ್ಬಳಾದ ಮಾರಕ್ಕ ರಿಜಿಸ್ಟರ್ ತಂದಿಟ್ಟಳು. "ಒತ್ತೋರು ಸಹಿ ಹಾಕ್ಬೇಕು ಸ್ವಾಮಿ. ಯಂತ್ರ ನನ್ನ ವಶ, ಕೆಟ್ಟರೆ ನಾನೇ ಹೊಣೆ ಅಂತ."

"ಮಾಲೀಕರೇ, ನೀವೇ ಒತ್ತಿ," ಎಂದರು ಪ್ರೊಫೆಸರು.

"ಛೆ ಛೆ, ಸರ್ಕಾರ ಮೊದಲು," ಎಂದರು ಮಾಲೀಕರು.

ಅಧಿಕಾರಿಗೆ ತಟ್ಟನೆ ಮೀಟಿಂಗ್ ನೆನಪಾಯಿತು.

"ಹಂಗಾದ್ರೆ ಸಹಿ ನಾನೇ ಹಾಕ್ಲಾ?" ಎಂದಳು ಮಾರಕ್ಕ.

ಮೂವರೂ ಒಟ್ಟಿಗೆ ತಲೆಯಾಡಿಸಿದರು. ಅವರು ಕೂಡಿ ಒಪ್ಪಿದ್ದು ಅದೊಂದನ್ನೇ.

ಮಾರಕ್ಕ ಸಹಿ ಹಾಕಿ ಗುಂಡಿ ಒತ್ತಿದಳು. ಬೀಜ ಅತ್ತ, ಹಣ್ಣು ಇತ್ತ ಸುರಿಯಿತು. ಫೋಟೋಗೆಂದು ಮೂವರೂ ಓಡಿಬಂದರು.

"ನಿಂತ್ಕೊಳ್ಳಿ, ನನ್ನ ಯಂತ್ರದ ಪಕ್ಕ," ಎಂದಳು ಮಾರಕ್ಕ. "ಬರಿಗೈಲಿ ಬೇಡ. ಒಬ್ಬೊಬ್ಬರೂ ಒಂದೊಂದು ಬುಟ್ಟಿ ಹೊತ್ಕೊಳ್ಳಿ."