ಕಮ್ಮಾರ ಬಸ್ಸಿಗೆ ಕಾದದ್ದು

"ಗುರುಗಳೇ, ಆ ಮುದುಕರ ಎದೆಯ ರೋಗ ವಾಸಿಯಾಗುವುದಲ್ಲ ಎಂದು ವೈದ್ಯರೇ ಹೇಳಿದ್ದಾರೆ. ಆದರೂ ನನ್ನನ್ನು ವಾರವಾರ ಅವರ ಮನೆಗೆ ಏಕೆ ಕಳಿಸುತ್ತೀರಿ?" ಎಂದು ಶಿಷ್ಯ ನಿಂಗಯ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಹಳ್ಳಿಯಲ್ಲಿ ಒಬ್ಬ ಕಮ್ಮಾರನಿದ್ದ. ಹರೆಯದಿಂದಲೂ ಕುಲುಮೆಯ ಹೊಗೆ ಕುಡಿದು ಅವನ ಶ್ವಾಸಕೋಶ ಕೆಟ್ಟಿತು. ಪಟ್ಟಣದ ವೈದ್ಯರು, ಕೆಟ್ಟದ್ದು ಮತ್ತೆ ಸರಿಹೋಗದು, ಆದರೆ ಜೋಪಾನ ಮಾಡಿಕೊಂಡರೆ ಬದುಕಬಹುದು ಎಂದು ಹೇಳಿ, ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಮದ್ದು ಕೊಟ್ಟರು. ಕಮ್ಮಾರ ಮೊದಲ ಮಾತನ್ನಷ್ಟೇ ಮನಸ್ಸಿಗೆ ಹಚ್ಚಿಕೊಂಡ. ಮನೆಗೆ ಬಂದು ಹೊರಸು ಹಿಡಿದವನು ಮೇಲೇಳಲಿಲ್ಲ. ಎದ್ದರೆ ಉಸಿರು ಕಟ್ಟುತ್ತದೆಂಬ ಭಯ. ಮಾತಾಡಿದರೂ ಏದುಸಿರು ಬರುತ್ತಿತ್ತು, ಹಾಗಾಗಿ ಮಾತನ್ನೂ ಬಿಟ್ಟ. ಹೆಂಡತಿ ಅವನನ್ನು ಬಿಟ್ಟು ಸಂತೆಗೂ ಹೋಗದಾದಳು. ತನ್ನಿಂದ ಅವಳೂ ಕಟ್ಟುಬಿದ್ದಳಲ್ಲ ಎಂದು ಅವನು ಒಳಗೊಳಗೇ ಕೊರಗಿದ.

ಆ ಹಳ್ಳಿಗೆ ಒಬ್ಬ ದಾದಿ ಬರುತ್ತಿದ್ದಳು. ಅವಳು ಮೊದಲ ದಿನವೇ ಹೊರಸಿನ ಪಕ್ಕದ ಒಲೆಯನ್ನು ಹಿತ್ತಿಲಿಗೆ ಹಾಕಿಸಿದಳು. ಅವನು ಮದ್ದನ್ನು ಬಾಯಲ್ಲೇ ಉಳಿಸಿಕೊಳ್ಳುತ್ತಿದ್ದುದನ್ನು ಕಂಡು, ಎದೆಯವರೆಗೆ ಎಳೆದುಕೊಳ್ಳುವುದನ್ನು ಕಲಿಸಿದಳು. ಬಿಸಿ ಹಾಲು ಆರಿಸುವಂತೆ ತುಟಿ ಕಿರಿದು ಮಾಡಿ ಮೆಲ್ಲಗೆ ಉಸಿರು ಬಿಡಿಸಿದಳು. ಕೈಹಿಡಿದು ಹೊಸ್ತಿಲವರೆಗೆ ನಡೆಸಿದಳು, ಆಮೇಲೆ ಅಂಗಳದವರೆಗೆ. ಅದಕ್ಕಿಂತ ಮುಂದೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ.

ಹೀಗಿರುವಾಗ ಹೆಂಡತಿಯ ತಂಗಿಯ ಮೊಮ್ಮಗುವಿಗೆ ನಾಮಕರಣ ಬಂತು. ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಳು. "ಹೋಗಿ ಬನ್ನಿ ಅಕ್ಕ, ನೀವು ಬರುವವರೆಗೆ ನಾನಿರುತ್ತೇನೆ" ಎಂದು ದಾದಿ ಅವಳನ್ನು ಬಸ್ಸು ಹತ್ತಿಸಿದಳು.

ಮಧ್ಯಾಹ್ನ ಕಮ್ಮಾರನಿಗೆ ಉಸಿರು ಕಟ್ಟಿತು. ಹೆಂಡತಿಯ ಮುಖ ನೋಡದೆಯೇ ಹೋಗುತ್ತೇನೆ ಎಂದುಕೊಂಡು ಅವನು ಬಾಗಿಲ ಕಡೆ ಕಣ್ಣು ನೆಟ್ಟ. ದಾದಿ ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮದ್ದು ಕೊಟ್ಟು, ಬೆನ್ನ ಮೇಲೆ ಕೈಯಿಟ್ಟಳು.

"ನನ್ನ ಕಡೆ ನೋಡಿ ಮಾವ. ಎಳೆಯುವ ಅವಸರ ಬೇಡ. ಮೊದಲು ಹೊರಗೆ ಬಿಡಿ. ನಾನೂ ಬಿಡುತ್ತೇನೆ."

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು, ಒಟ್ಟಿಗೆ ಎಳೆದುಕೊಂಡರು. ಬಹಳ ಹೊತ್ತಾದ ಮೇಲೆ ಅವನ ಎದೆ ಹಗುರಾಯಿತು. ದಾದಿ ಮಾತ್ರ ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಕಮ್ಮಾರನ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಅವನನ್ನು ಕೂರಿಸಿಟ್ಟಿದ್ದ ಭಯ ಆ ದಿನ ಬಂದು ಎದುರಿಗೆ ನಿಂತು, ಹೊರಟೂ ಹೋಗಿತ್ತು.

ಬಿಸಿಲು ಇಳಿದ ಮೇಲೆ ಅವನೇ ಅಂದ: "ಅವಳು ಬರುವ ಬಸ್ಸಿನ ಹತ್ತಿರ ಹೋಗೋಣವೇ?"

ಹೊರಟರು. ಕಮ್ಮಾರ ನಡೆದು ಬರುವುದನ್ನು ಕಂಡ ನೆರೆಯವಳು ಮಣೆ ತಂದು ಜಗಲಿಯಲ್ಲಿ ಹಾಕಿದಳು. ಮುಂದಿನ ಮನೆಯವರು ಕುರ್ಚಿ ತಂದರು. ಅವನು ಅಲ್ಲಲ್ಲಿ ಕುಳಿತ, ತುಟಿ ಕಿರಿದು ಮಾಡಿ ಉಸಿರು ಬಿಟ್ಟ, ಮತ್ತೆ ಎದ್ದ. ಯಾರೂ ಅವಸರಪಡಿಸಲಿಲ್ಲ. ಕೊನೆಗೆ ಬಸ್ಸು ನಿಲ್ಲುವಲ್ಲಿನ ಕಟ್ಟೆಯ ಮೇಲೆ ಕುಳಿತು ಕಾದ.

ಬಸ್ಸಿನಿಂದ ಇಳಿದ ಹೆಂಡತಿ ಗಂಡನನ್ನು ಕಂಡು, ಏನೋ ಆಗಿಹೋಯಿತೆಂದು ಬೆದರಿ ಓಡಿಬಂದಳು. ಅವನು ಕೈಯೆತ್ತಿ ತಡೆದು, ಉಸಿರು ಹದಕ್ಕೆ ಬರುವವರೆಗೆ ಕಾದು, ಕೇಳಿದ: "ಮಗು ಯಾರ ಹಾಗಿದೆ?"

ಅವಳು ಅವನ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಹೇಳತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು. ನಿಂಗಯ್ಯ ಕೇಳಿದ: "ಹಾಗಾದರೆ ಕಮ್ಮಾರ ಗುಣವಾದನೇ?"

"ಇಲ್ಲ. ಗುಣವಾಗುವವನಿಗೆ ಮದ್ದು ಸಾಕು ಮಗೂ, ಗುಣವಾಗದವನಿಗೇ ಅಲ್ಲವೇ ಮನುಷ್ಯರು ಬೇಕಾಗುವುದು?"

ನಿಂಗಯ್ಯ ಎದ್ದು ಮುದುಕರ ಮನೆಯ ದಾರಿ ಹಿಡಿದ.